ಎಲ್ಗರ್ ಚೆಲ್ಲೊ ಕಾನ್ಚೆರ್ಟೊ: ತಡವಾಗಿ ಬಂದ ಹೊಗಳಿಕೆ

ಇಂಗ್ಲಿಷ್ ಸಂಗೀತ ರಚನೆಕಾರ ಎಲ್ಗರ್ ಅವರ ಚೆಲ್ಲೊ ಕಾನ್ಚೆರ್ಟೊವನ್ನು (ದೊಡ್ಡ ಪಿಟೀಲಿನಂಥ ಚೆಲ್ಲೊ ಮತ್ತು ಆರ್ಕೆಸ್ಟ್ರಾಕ್ಕಾಗಿ ಬರೆದ ಕೃತಿ) ಯಾರು ರೆಕಾರ್ಡ್ ಮಾಡಿದರೂ ವಿಮರ್ಶಕರು ಎತ್ತುವ ಹೆಸರು ಚೆಲ್ಲೊ ವಾದಕಿ ಜಾಕ್ವೆಲಿನ್ ದು ಪ್ರೆ. ಅವರ 1965ರ ರೆಕಾರ್ಡನ್ನು ಹೊಗಳಿ ಬರೆಯುವುದು ಇನ್ನೂ ಮುಗಿದಿಲ್ಲ. ಆದರೆ ಈ ಕೃತಿಯ ಮೊದಲ ದಿನ ಸಿಕ್ಕಿದ್ದು ಬೈಗುಳ.

1919ರ ಅಕ್ಟೋಬರ್ 27, ಲಂಡನ್ನಿನ ಕ್ವೀನ್ಸ್ ಹಾಲ್. ಚೆಲ್ಲೊ ನುಡಿಸಿದವರು ಫೆಲಿಕ್ಸ್ ಸಾಲ್ಮಂಡ್, ಕಂಡಕ್ಟರ್, ಅಂದರೆ ಆರ್ಕೆಸ್ಟ್ರಾ ನಡೆಸಿದವರು, ಎಲ್ಗರ್ ಅವರೇ. ಅವತ್ತಿನ ಉಳಿದ ಕೃತಿಗಳು ಇನ್ನೊಬ್ಬ ಕಂಡಕ್ಟರ್ ಆಲ್ಬರ್ಟ್ ಕೋಟ್ಸ್ ಪಾಲಿಗಿದ್ದವು. ಅವರು ತಮ್ಮ ರಿಹರ್ಸಲ್ ಎಳೆದೂ ಎಳೆದು ಎಲ್ಗರ್ ಸಮಯವನ್ನೂ ನುಂಗಿಬಿಟ್ಟರು. ಇನ್ನೇನಾಗುತ್ತೆ? ಲಂಡನ್ ಸಿಂಫನಿ ಆರ್ಕೆಸ್ಟ್ರಾ ಎಡವಿತು. ಅಬ್ಸರ್ವರ್ ಪತ್ರಿಕೆಯಲ್ಲಿ ವಿಮರ್ಶಕ ಅರ್ನೆಸ್ಟ್ ನ್ಯೂಮನ್ ಆರ್ಕೆಸ್ಟ್ರಾವನ್ನು ಚೆನ್ನಾಗಿ ಝಾಡಿಸಿದರು. ಕೃತಿಯನ್ನು ಮಾತ್ರ ಮೆಚ್ಚಿದ್ದರು. ಆದರೂ ವರ್ಷ ಕಳೆದರೂ ಲಂಡನ್ನಿನಲ್ಲಿ ಅದನ್ನು ಮತ್ತೆ ನುಡಿಸಲಿಲ್ಲ.

ಅಂದು ಚೆಲ್ಲೊ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗ ಜಾನ್ ಬಾರ್ಬಿರೋಲಿ. ಮುಂದೆ ದೊಡ್ಡ ಕಂಡಕ್ಟರ್ ಆದ ಅವರೇ 1965ರ ಆಗಸ್ಟ್‌ನಲ್ಲಿ, ಅದೇ ಆರ್ಕೆಸ್ಟ್ರಾ ಜೊತೆ, ದು ಪ್ರೆ ರೆಕಾರ್ಡಿಂಗ್ ನಡೆಸಿಕೊಟ್ಟರು. ದು ಪ್ರೆಗೆ ಆಗ 20 ವರ್ಷ.

ಆ ರೆಕಾರ್ಡಿನ ಮೊದಲ ನಿಮಿಷ ಕೇಳಿದರೇ ಸಾಕು. ಶುರುವಿನ, ಹಲವು ಸ್ವರಗಳು ಒಟ್ಟಿಗೆ ಮೊಳಗುವ ದಪ್ಪ ಕಾರ್ಡ್‌ಗಳಲ್ಲಿ ಬಿಲ್ಲು ತಂತಿಯನ್ನು ಕಚ್ಚಿ ಹಿಡಿಯುತ್ತದೆ, ಉಜ್ಜಿದ ಸದ್ದೂ ಸಿಗುತ್ತದೆ. ಆಮೇಲೆ ವಯೋಲಾಗಳು (ಪಿಟೀಲಿಗಿಂತ ಸ್ವಲ್ಪ ದೊಡ್ಡ ವಾದ್ಯಗಳು) ಒಂಟಿಯಾಗಿ ಉದ್ದನೆಯ ಧಾಟಿ ಹಿಡಿಯುತ್ತವೆ, ಚೆಲ್ಲೊ ಅದನ್ನು ಎತ್ತಿಕೊಳ್ಳುತ್ತದೆ. ಮುಂದೆ ಚೆಲ್ಲೊ ಕೆಳಗಿನ ಸ್ವರದಿಂದ ತುದಿಯವರೆಗೆ ಒಂದೇ ಏರಿಕೆಯಲ್ಲಿ ಹತ್ತುವ ಜಾಗವಿದೆ. ಅಲ್ಲಿ ದು ಪ್ರೆ ಏನನ್ನೂ ಉಳಿಸಿಕೊಳ್ಳುವುದಿಲ್ಲ.

ಇದೇ ಕೆಲವರಿಗೆ ಜಾಸ್ತಿ ಅನಿಸಿತ್ತು. ಸ್ವರದಿಂದ ಸ್ವರಕ್ಕೆ ಜಾರುವುದು ಹೆಚ್ಚು, ಭಾವ ವಿಪರೀತ ಎಂಬ ತಕರಾರು. ಬಾರ್ಬಿರೋಲಿ ಉತ್ತರ ಸರಳ: ಚಿಕ್ಕ ವಯಸ್ಸಿನಲ್ಲಿ ಎಲ್ಲವೂ ಅತಿಯಾಗಿಯೇ ಇರಬೇಕು, ಇಲ್ಲದಿದ್ದರೆ ಮುಂದೆ ಕಡಿಮೆ ಮಾಡಿಕೊಳ್ಳುವುದಕ್ಕೆ ಏನಿರುತ್ತೆ?

ಕಡಿಮೆ ಮಾಡಿಕೊಳ್ಳುವ ಕಾಲ ಬರಲೇ ಇಲ್ಲ. ನರಗಳ ಕಾಯಿಲೆಯಾದ ಮಲ್ಟಿಪಲ್ ಸ್ಕ್ಲೆರೋಸಿಸ್‌ನಿಂದ 1973ರಲ್ಲಿ ದು ಪ್ರೆ ಅವರ ಕಛೇರಿಗಳು ನಿಂತವು. 1987ರಲ್ಲಿ, 42ನೇ ವಯಸ್ಸಿಗೆ, ತೀರಿಕೊಂಡರು. ಅಲ್ಲಿಂದ ವಿಮರ್ಶೆಯ ದನಿಯೂ ಬದಲಾಯಿತು. ರೆಕಾರ್ಡಿನಲ್ಲಿ ಅವರ ಕಾಯಿಲೆಯ ನೋವು ಕೇಳಿಸುತ್ತದೆ ಎಂದು ಬರೆಯುವವರು ಹುಟ್ಟಿಕೊಂಡರು. ಇದು ನನಗೆ ಒಪ್ಪಿಗೆಯಿಲ್ಲ. 1965ರಲ್ಲಿ ಅವರು ಗಟ್ಟಿಮುಟ್ಟಾಗಿದ್ದ ಹುಡುಗಿ. ಆ ದುಃಖ ಸುಮ್ನೆ ನಾವು ಸೇರಿಸಿದ್ದು, ಅಲ್ವಾ?

ಬೇರೆ ಚೆಲ್ಲೊ ವಾದಕರಿಗೆ ಇದರಿಂದ ಅನ್ಯಾಯವೂ ಆಯಿತು. ಸ್ಟೀವನ್ ಇಸ್ಸರ್ಲಿಸ್ ತರಹ ಹಿಡಿತದಲ್ಲಿ ನುಡಿಸುವವರನ್ನೂ ದು ಪ್ರೆ ಜೊತೆ ಹೋಲಿಸಿಯೇ ಅಳೆಯುತ್ತಾರೆ. ಅಳತೆಗೋಲೇ ಬೇಕೆಂದರೆ 1928ರಲ್ಲಿ ಬಿಯಾಟ್ರಿಸ್ ಹ್ಯಾರಿಸನ್ ನುಡಿಸಿದ್ದು ಇದೆ. ಅದರಲ್ಲಿ ನಡೆ ಚುರುಕು, ಅಳು ಕಡಿಮೆ. ಕಂಡಕ್ಟರ್ ಸ್ವತಃ ಎಲ್ಗರ್.