ಟ್ಯೂಬ್ ಎಂಪಿಸಿ: ರೋಬೋ ಜಾರುವುದಕ್ಕೂ ಮೊದಲೇ ಜಾಗ ಬಿಡುವುದು

ಮಾಡೆಲ್ ಪ್ರಿಡಿಕ್ಟಿವ್ ಕಂಟ್ರೋಲ್ (ಎಂಪಿಸಿ) ಓದುವಾಗ ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ ಇದು. ಎಂಪಿಸಿ ರೋಬೋ ಹೇಗೆ ಚಲಿಸುತ್ತದೆ ಎಂಬ ಗಣಿತದ ಮಾಡೆಲ್ ಇಟ್ಟುಕೊಂಡು ಮುಂದಿನ ಕೆಲವು ಹೆಜ್ಜೆಗಳನ್ನು ಊಹಿಸಿ, ಪ್ರತಿ ಹೆಜ್ಜೆಗೂ ಹೊಸ ಪ್ಲಾನ್ ಹಾಕುತ್ತದೆ. ಚಕ್ರ ಸ್ವಲ್ಪ ಜಾರಿದರೆ ಮುಂದಿನ ಹೆಜ್ಜೆಯಲ್ಲಿ ಸರಿಹೋಗುತ್ತದೆ, ಅಲ್ವಾ?

ಯಾವಾಗಲೂ ಇಲ್ಲ. ರೋಬೋ ಒಂದು ಗೆರೆ ಹಿಡಿದು ಹೋಗುತ್ತಿದೆ, ಆಚೀಚೆ 20 ಸೆಂ.ಮೀ. ಮಿತಿ ಎಂದುಕೊಳ್ಳಿ. ತಿರುವಿನಲ್ಲಿ ಎಂಪಿಸಿ ಆ ಮಿತಿಗೆ ಅಂಟಿಕೊಂಡೇ ಪ್ಲಾನ್ ಹಾಕಬಹುದು, ಏಕೆಂದರೆ ಅದರ ಮಾಡೆಲ್‌ನಲ್ಲಿ ಜಾರುವ ನೆಲವೇ ಇಲ್ಲ. ಅಲ್ಲಿ 2 ಸೆಂ.ಮೀ. ಜಾರಿದರೆ ರೋಬೋ 22ರಲ್ಲಿರುತ್ತದೆ. ನಿಂತ ಜಾಗವೇ ಮಿತಿ ಮೀರಿದ್ದರಿಂದ, ಪ್ಲಾನ್ ಲೆಕ್ಕ ಹಾಕುವ ಸಾಲ್ವರ್‌ಗೆ ಉತ್ತರ ಸಿಗುವುದಿಲ್ಲ. ಚಕ್ರದ ಗಾಡಿ ಸುಮ್ನೆ ಪಕ್ಕಕ್ಕೆ ಸರಿಯಲೂ ಆಗದು. ಮೂತಿ ತಿರುಗಿಸಿ, ಮುಂದೆ ಸಾಗುತ್ತಲೇ ಗೆರೆಗೆ ಮರಳಬೇಕು.

ಇದಕ್ಕೆ ಸಂಶೋಧಕರಾದ ಮೇನ್, ಸೆರಾನ್, ರಾಕೊವಿಚ್ 2005ರಲ್ಲಿ ಬರೆದ ಪ್ರಬಂಧದ ದಾರಿ ನನಗೆ ತುಂಬಾ ಇಷ್ಟ. ಎಂಪಿಸಿ ಡಿಸ್ಟರ್ಬೆನ್ಸ್ (ಜಾರುವುದು, ಹೊರಗಿನ ನೂಕು) ಇಲ್ಲದ ಒಂದು ಕಲ್ಪನೆಯ ರೋಬೋಗೆ ದಾರಿ ಹಾಕುತ್ತದೆ. ಅದು ಎಲ್ಲಿಂದ ಹೊರಡಬೇಕು ಎಂಬುದನ್ನೂ ಸಾಲ್ವರೇ ಆರಿಸುತ್ತದೆ. ನಿಜವಾದ ರೋಬೋವನ್ನು ಅದರ ಹತ್ತಿರ ಎಳೆದು ಹಿಡಿಯುವುದು ಒಂದು ಸರಳ ಫೀಡ್‌ಬ್ಯಾಕ್, ಅಂದರೆ ಅಂತರ ನೋಡಿ ಅದಕ್ಕೆ ತಕ್ಕಂತೆ ತಿದ್ದುವ ನಿಯಮ. ಎರಡರ ನಡುವಿನ ಅಂತರವೇ ಎರರ್. ಅದು ಎಂದೂ ದಾಟದ ಜಾಗಕ್ಕೆ ಟ್ಯೂಬ್ ಎನ್ನುತ್ತಾರೆ.

ಕೈಯಲ್ಲೇ ಲೆಕ್ಕ ಹಾಕಿ ನೋಡಿ. ಫೀಡ್‌ಬ್ಯಾಕ್ ಪ್ರತಿ ಹೆಜ್ಜೆಗೆ ಅರ್ಧ ಎರರ್ ಕಳೆಯುತ್ತದೆ, ನೆಲ ಪ್ರತಿ ಸಲ ಒಂದೇ ಕಡೆಗೆ 2 ಸೆಂ.ಮೀ. ನೂಕುತ್ತದೆ. ಎರರ್ 2, 3, 3.5, 3.75 ಹೀಗೆ ಬೆಳೆಯುತ್ತದೆ, 4 ಮಾತ್ರ ದಾಟುವುದಿಲ್ಲ. ಹಾಗಾಗಿ ಕಲ್ಪನೆಯ ರೋಬೋಗೆ 20ರ ಬದಲು 16 ಸೆಂ.ಮೀ. ಮಿತಿ ಕೊಡಿ. ಆಗ ನಿಜವಾದದ್ದು 20 ಮೀರುವ ಮಾತೇ ಇಲ್ಲ.

ಸ್ಟೀರಿಂಗ್‌ನಲ್ಲೂ ಹೀಗೆಯೇ ಜಾಗ ಬಿಡಬೇಕು. ಇದನ್ನು ಮರೆಯುವವರೇ ಜಾಸ್ತಿ. ಒಂದು ಹೆಜ್ಜೆಗೆ 5 ಸೆಂ.ಮೀ. ಮಾತ್ರ ಸರಿಪಡಿಸಲು ಸಾಧ್ಯ ಎಂದರೆ, 4ರ ಅರ್ಧ, ಅಂದರೆ 2, ಫೀಡ್‌ಬ್ಯಾಕ್‌ಗೆ ಮೀಸಲು. ಪ್ಲಾನ್‌ಗೆ ಉಳಿಯುವುದು 3.

ಹಾಗಾದರೆ ಜೋರಾಗಿ ಎಳೆದರೆ ಟ್ಯೂಬ್ ಸಣ್ಣದಾಗುತ್ತದೆಯೇ? ಎರರ್‌ನ ಐದನೇ ಒಂದು ಭಾಗವನ್ನಷ್ಟೇ ಕಳೆದರೆ ಟ್ಯೂಬ್ 10 ಸೆಂ.ಮೀ., ಪೂರ್ತಿ ಕಳೆದರೆ 2. ಆದರೆ ಒಂದೂವರೆ ಪಟ್ಟು ಎಳೆದರೆ ರೋಬೋ ಆ ಕಡೆಗೆ ಹಾರುತ್ತದೆ, ಟ್ಯೂಬ್ ಮತ್ತೆ 4 ಆಗುತ್ತದೆ. ಸ್ಟೀರಿಂಗ್‌ಗೆ ಬೇಕಾಗುವುದು 6, ನಮ್ಮಲ್ಲಿರುವುದು 5.

ಈ ಪ್ರಬಂಧ ಲೀನಿಯರ್ ಸಿಸ್ಟಮ್‌ಗಳದ್ದು, ಅಂದರೆ ಎಲ್ಲವೂ ನೇರ ಅನುಪಾತದಲ್ಲಿ ಬದಲಾಗುವ ಸಿಸ್ಟಮ್‌ಗಳದ್ದು. ನಮ್ಮ ರೋಬೋ ಹಾಗಲ್ಲ, ಅದರ ಮೂತಿಯ ಕೋನ ಸೈನ್, ಕೊಸೈನ್ ಒಳಗೆ ಕೂತಿರುತ್ತದೆ. ಲೀನಿಯರ್ ಮಾಡಿದಾಗ ಉಳಿಯುವ ವ್ಯತ್ಯಾಸವನ್ನೂ ಆ 2 ಸೆಂ.ಮೀ. ಜೊತೆಗೆ ಸೇರಿಸಿಯೇ ಟ್ಯೂಬ್ ಅಳೆಯಿರಿ.