ವಾಲ್ವ್‌ಗಳ ಹೆಸರಲ್ಲೇ ಇದೆ ಸರ್ಕ್ಯೂಟ್

ಅತ್ತೆ ಮನೆಯ ಅಟ್ಟದಿಂದ ಇಳಿಸಿದ ರೇಡಿಯೋ ಮೇಲೆ ಕಂಪನಿಯ ಹೆಸರೇ ಇರಲಿಲ್ಲ. ಮಾಡೆಲ್ ನಂಬರ್ ಸಾಮಾನ್ಯವಾಗಿ ಹಿಂಬದಿಯ ರಟ್ಟಿನ ಮೇಲಿರುತ್ತದೆ. ಆ ರಟ್ಟು ಯಾವತ್ತೋ ಕಳೆದುಹೋಗಿತ್ತು. ಪೆಟ್ಟಿಗೆಯೊಳಗೆ ಸರ್ಕ್ಯೂಟ್ ಡಯಾಗ್ರಾಮ್ ಅಂಟಿಸಿದ್ದ ಗುರುತು ಮಾತ್ರ ಇತ್ತು, ಕಾಗದವನ್ನು ಜಿರಳೆಗಳು ತಿಂದು ಮುಗಿಸಿದ್ದವು. ಉಳಿದದ್ದು ಧೂಳು ಹಿಡಿದ ಚಾಸಿ, ಅಂದರೆ ಭಾಗಗಳನ್ನೆಲ್ಲ ಕೂರಿಸಿದ ತಗಡಿನ ಚೌಕಟ್ಟು. ಅದರ ಮೇಲೆ ಐದು ವಾಲ್ವ್, ಟ್ರಾನ್ಸಿಸ್ಟರ್‌ಗೂ ಮೊದಲಿನ ಕಾಲದ ಗಾಜಿನ ಕೊಳವೆಗಳು.

ಹಳೆ ವಾಲ್ವ್ ಕೈಗೆ ಸಿಕ್ಕರೆ ದಯವಿಟ್ಟು ಬಟ್ಟೆಯಿಂದ ಉಜ್ಜಬೇಡಿ. ಧೂಳಿನ ಜೊತೆ ಹೆಸರೂ ಅಳಿಸಿಹೋಗುತ್ತದೆ. ನಾನು ಗಾಜಿನ ಮೇಲೆ ಬಾಯಿಂದ ಹಬೆ ಊದಿ, ಟಾರ್ಚ್ ಓರೆಯಾಗಿ ಹಿಡಿದೆ. ಮಸುಕಾದ ಅಕ್ಷರಗಳು ಒಂದು ಕ್ಷಣ ಕಂಡು ಮಾಯವಾದವು. ನಾಲ್ಕೈದು ಸಲ ಊದಿ ಬರೆದುಕೊಂಡೆ: ಯುಸಿಎಚ್42, ಯುಎಫ್41, ಯುಬಿಸಿ41, ಯುಎಲ್41, ಯುವೈ41. ಅರ್ಧ ಡಯಾಗ್ರಾಮ್ ಅಲ್ಲಿಗೆ ಕೈಗೆ ಬಂದಿತ್ತು.

ಯಾಕೆ ಗೊತ್ತಾ? ಯುರೋಪಿನ ವಾಲ್ವ್ ಕಂಪನಿಗಳು 1930ರ ದಶಕದಲ್ಲಿ ಹೆಸರಿಡುವುದಕ್ಕೆ ಒಂದು ಒಳ್ಳೆಯ ಪದ್ಧತಿ ತಂದವು. ಮೊದಲ ಅಕ್ಷರ ಹೀಟರ್, ಅಂದರೆ ವಾಲ್ವನ್ನು ಒಳಗಿಂದ ಬಿಸಿ ಮಾಡುವ ತಂತಿ, ಎಂಥದ್ದು ಎಂದು ಹೇಳುತ್ತದೆ. 'ಇ' ಅಂದರೆ 6.3 ವೋಲ್ಟ್. 'ಯು' ಅಂದರೆ 100 ಮಿಲಿಆಂಪಿಯರ್, ಎಲ್ಲವನ್ನೂ ಸಾಲಾಗಿ ಜೋಡಿಸುವ ಜಾತಿ. ಮುಂದಿನ ಅಕ್ಷರಗಳು ಒಳಗೆ ಏನಿದೆ ಎಂದು ಹೇಳುತ್ತವೆ. 'ಸಿ' ಟ್ರಯೋಡ್ (ಮೂರು ವಿದ್ಯುದ್ವಾರದ್ದು), 'ಎಫ್' ಪೆಂಟೋಡ್ (ಐದರದ್ದು), 'ಬಿ' ಜೋಡಿ ಡಯೋಡ್ (ಡಯೋಡ್ ಎರಡರದ್ದು), 'ಎಲ್' ಸ್ಪೀಕರ್ ನಡೆಸುವ ಪವರ್ ಪೆಂಟೋಡ್, 'ವೈ' ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್. 'ಎಚ್' ಎರಡು ಸಿಗ್ನಲ್‌ಗಳನ್ನು ಬೆರೆಸುವ ವಾಲ್ವ್.

ಬೆರೆಸುವುದು ಯಾಕೆ? ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್ 1918ರಲ್ಲಿ ರೂಪಿಸಿದ ಸೂಪರ್‌ಹೆಟ್ ಉಪಾಯ ಅದು. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಹಿಡಿಯಬೇಕು ಅಂದುಕೊಳ್ಳಿ. ರೇಡಿಯೋ ತನ್ನೊಳಗೇ 1067 ಕಿಲೋಹರ್ಟ್ಸ್‌ನ ಇನ್ನೊಂದು ಅಲೆ ಹುಟ್ಟಿಸುತ್ತದೆ. ಎರಡನ್ನೂ ಬೆರೆಸಿದಾಗ ಅವುಗಳ ವ್ಯತ್ಯಾಸ, 455, ಹೊರಬರುತ್ತದೆ. ಮುಳ್ಳು ತಿರುಗಿಸಿ ಧಾರವಾಡದ 765ಕ್ಕೆ ಹೋದರೆ ಒಳಗಿನ ಅಲೆಯೂ ಜೊತೆಗೇ 1220ಕ್ಕೆ ಏರುತ್ತದೆ, ವ್ಯತ್ಯಾಸ ಮತ್ತೆ 455. ಯಾವ ಸ್ಟೇಷನ್ ಆದರೂ ಮುಂದಿನ ಭಾಗಗಳು ಆ ಒಂದೇ ಆವರ್ತನವನ್ನು ಚೆನ್ನಾಗಿ ದೊಡ್ಡದು ಮಾಡಿದರೆ ಸಾಕು. ನನ್ನ ಪಟ್ಟಿಯಲ್ಲಿ ಬೆರೆಸುವ ಕೆಲಸ ಯುಸಿಎಚ್42ರದು, ದೊಡ್ಡದು ಮಾಡುವ ಕೆಲಸ ಯುಎಫ್41ರದು. ಅದರಿಂದ ಧ್ವನಿ ಬಿಡಿಸಿ ಸ್ವಲ್ಪ ಜೋರು ಮಾಡುವುದು ಯುಬಿಸಿ41.

ಆಗಿನ ರೇಡಿಯೋ ಕಂಪನಿಗಳು ಹೆಚ್ಚಾಗಿ ವಾಲ್ವ್ ತಯಾರಕರು ಕೊಟ್ಟ ಮಾದರಿ ಸರ್ಕ್ಯೂಟನ್ನೇ ಅಲ್ಪಸ್ವಲ್ಪ ಬದಲಿಸಿ ಬಳಸುತ್ತಿದ್ದವು. ಆದ್ದರಿಂದ ನಿಮ್ಮ ಮಾಡೆಲ್‌ನ ಡಯಾಗ್ರಾಮೇ ಬೇಕು ಎಂದು ಹಟ ಹಿಡಿಯಬೇಕಿಲ್ಲ. ಅದೇ ಐದು ವಾಲ್ವ್ ಇರುವ ಬೇರೆ ಸೆಟ್‌ನದು ಸಿಕ್ಕರೂ ದಾರಿ ಕಾಣುತ್ತದೆ. ಅಮೆರಿಕದಲ್ಲಿ ಜಾನ್ ರೈಡರ್ 1930ರ ದಶಕದಿಂದ ದಪ್ಪ ದಪ್ಪ ಸರ್ವಿಸ್ ಸಂಪುಟಗಳನ್ನು ಹೊರತಂದರು. ಬ್ರಿಟನ್‌ನಲ್ಲಿ ಟ್ರೇಡರ್ ಸರ್ವಿಸ್ ಶೀಟ್‌ಗಳಿದ್ದವು. ಅವುಗಳ ಸ್ಕ್ಯಾನ್ ಪ್ರತಿಗಳು ಈಗ ಹುಡುಕಿದರೆ ಸಿಗುತ್ತವೆ. ನಮ್ಮ ಹಳೆ ಮೆಕ್ಯಾನಿಕ್‌ಗಳ ಹತ್ತಿರವೂ ಕೇಳಿ ನೋಡಿ.

'ಯು' ಅಕ್ಷರಕ್ಕೆ ಮತ್ತೆ ಬರುತ್ತೇನೆ, ಅದು ಜೀವದ ಪ್ರಶ್ನೆ. ಆಗ ಕೆಲವು ಊರುಗಳಲ್ಲಿ ಡಿಸಿ ಕರೆಂಟ್ ಇತ್ತು. ಡಿಸಿಗೆ ಟ್ರಾನ್ಸ್‌ಫಾರ್ಮರ್ ಕೆಲಸ ಮಾಡುವುದಿಲ್ಲ. ಅದಕ್ಕೆ ಎರಡಕ್ಕೂ ಒಗ್ಗುವ ಸೆಟ್ ಮಾಡಿದರು. ಹೀಟರ್‌ಗಳನ್ನು ದೀಪಾವಳಿಯ ಸೀರಿಯಲ್ ಸೆಟ್ ಥರ ಒಂದರ ಹಿಂದೆ ಒಂದು ಜೋಡಿಸಿದರು. 14, 12.6, 14, 45, 31 ಕೂಡಿದರೆ 116.6 ವೋಲ್ಟ್. 230ರಲ್ಲಿ ಉಳಿದದ್ದನ್ನು ಒಂದು ದೊಡ್ಡ ರೆಸಿಸ್ಟರ್ ಸುಟ್ಟು ಕಳೆಯುತ್ತದೆ, ಹನ್ನೊಂದು ವಾಟ್‌ಗೂ ಜಾಸ್ತಿ ಬಿಸಿ. ಇಂಥ ಸೆಟ್‌ಗಳಲ್ಲಿ ಮೇನ್ಸ್‌ನ ಒಂದು ತಂತಿ ನೇರ ಚಾಸಿಗೇ ಸೇರಿರುತ್ತದೆ. ಪ್ಲಗ್ ತಿರುವುಮುರುವಾದರೆ ಇಡೀ ತಗಡು ಲೈವ್, ಮುಟ್ಟಿದರೆ ಶಾಕ್! ಮೇನ್ಸ್‌ನ ನೇರ ಸಂಪರ್ಕ ತಪ್ಪಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಇದನ್ನು ಬಿಚ್ಚಿಟ್ಟು ಕೆಲಸ ಮಾಡಲೇಬೇಡಿ. ಕರೆಂಟ್ ತೆಗೆದ ಮೇಲೂ ಚಾರ್ಜ್ ಕೂಡಿಡುವ ಭಾಗವಾದ ಕಂಡೆನ್ಸರ್‌ನಲ್ಲಿ ಅದು ಉಳಿದಿರುತ್ತದೆ, ಅದನ್ನೂ ಇಳಿಸಿಯೇ ಕೈ ಹಾಕಿ.

ವಾಲ್ವ್‌ಗಳ ಬಗ್ಗೆ ಜನ ಹೆದರುತ್ತಾರೆ. ನಿಜ ಹೇಳಬೇಕೆಂದರೆ ಅವು ಗಟ್ಟಿ. ಗಾಜಿನ ಒಳಮೈಯಲ್ಲಿ ಕನ್ನಡಿಯಂಥ ಬೆಳ್ಳಿ ಬಣ್ಣದ ಕಲೆ ಇರುತ್ತದಲ್ವಾ, ಅದು ಬೇರಿಯಂ, ಒಳಗೆ ಉಳಿದ ಗಾಳಿಯನ್ನು ಹೀರಿಕೊಳ್ಳಲು ಇಟ್ಟದ್ದು. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ನುಗ್ಗಿದೆ, ವಾಲ್ವ್ ಹೋಯಿತು. ನನ್ನ ಐದೂ ಥಳಥಳ ಹೊಳೆಯುತ್ತಿದ್ದವು.

ಕೆಡುವುದು ಕಂಡೆನ್ಸರ್‌ಗಳು, ಅದರಲ್ಲೂ ಮೇಣ ಮೆತ್ತಿದ ಕಾಗದದವು. ಯುಬಿಸಿ41ರ ಆನೋಡಿಗೂ (ಸಿಗ್ನಲ್ ಹೊರಬರುವ ತುದಿ) ಯುಎಲ್41ರ ಗ್ರಿಡ್ಡಿಗೂ (ಸಿಗ್ನಲ್ ಒಳಹೋಗುವ ತುದಿ) ನಡುವೆ ಒಂದು ಪುಟ್ಟ ಕಂಡೆನ್ಸರ್ ಇದೆ. ಧ್ವನಿಯನ್ನು ಬಿಡಬೇಕು, ಡಿಸಿಯನ್ನು ತಡೆಯಬೇಕು, ಇದು ಅದರ ಕೆಲಸ. ಕಾಗದಕ್ಕೆ ತೇವ ಹಿಡಿದು ಅದು 10 ಮೆಗಾಓಮ್‌ನಷ್ಟು ಸೋರುತ್ತಿದೆ ಅನ್ನಿ. ಮಲ್ಟಿಮೀಟರ್‌ನಲ್ಲಿ ನೋಡಿದರೆ ಚೆನ್ನಾಗಿಯೇ ಇದೆ ಅನ್ನಿಸುತ್ತದೆ. ಆದರೆ ಆನೋಡಿನಲ್ಲಿ 60 ವೋಲ್ಟ್, ಗ್ರಿಡ್ ರೆಸಿಸ್ಟರ್ 1 ಮೆಗಾಓಮ್ ಇದ್ದರೆ, ಗ್ರಿಡ್ಡಿಗೆ ಸುಮಾರು ಐದೂವರೆ ವೋಲ್ಟ್ ಪಾಸಿಟಿವ್ ಬಂದು ಕೂರುತ್ತದೆ. ಆ ವಾಲ್ವನ್ನು ಹಿಡಿತದಲ್ಲಿಡುವ ನೆಗೆಟಿವ್ ವೋಲ್ಟೇಜ್ ಇರುವುದೇ 9ರ ಆಸುಪಾಸು. ಅರ್ಧಕ್ಕಿಂತ ಜಾಸ್ತಿ ಹೊಡೆದುಹೋಯಿತು. ವಾಲ್ವ್ ಮಿತಿಮೀರಿ ಕರೆಂಟ್ ಎಳೆಯುತ್ತದೆ. ಕೊನೆಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿಗುವ 630 ವೋಲ್ಟಿನ ಒಂದು ಪಾಲಿಯೆಸ್ಟರ್ ಕಂಡೆನ್ಸರ್ ಇಷ್ಟನ್ನೂ ತಪ್ಪಿಸುತ್ತದೆ. ಯಾವ ವಾಲ್ವ್ ರೇಡಿಯೋ ಸಿಕ್ಕರೂ ಸ್ವಿಚ್ ಹಾಕುವ ಮೊದಲು ನಾನು ಬದಲಿಸುವುದು ಇದನ್ನೇ.

ಪವರ್ ಸಪ್ಲೈನ ದೊಡ್ಡ ಕಂಡೆನ್ಸರ್ ಬದಲಿಸುವಾಗ ಇನ್ನೊಂದು ಎಚ್ಚರ. ಹಳೆಯದು 50 ಮೈಕ್ರೋಫ್ಯಾರಡ್ ಇದ್ದರೆ 47 ಹಾಕಿ. 'ಹಮ್' (ಗುಂಯ್ ಸದ್ದು) ಕಡಿಮೆಯಾಗಲಿ ಅಂತ 220 ಹಾಕಿದರೆ ಅದನ್ನು ತುಂಬಿಸುವ ಭಾರವೆಲ್ಲ ರೆಕ್ಟಿಫೈಯರ್ ವಾಲ್ವ್ ಮೇಲೆ ಬೀಳುತ್ತದೆ, ಅದು ಬೇಗ ಸಾಯುತ್ತದೆ.

ಎಲ್ಲ ಮುಗಿಸಿ ಮೊದಲ ಸಲ ಕರೆಂಟ್ ಕೊಟ್ಟಿದ್ದು 60 ವಾಟಿನ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ. ಅದು ಮಂಕಾಗಿಯೇ ಇತ್ತು. ಬಲ್ಬ್ ತೆಗೆದು ನೇರ ಕೊಟ್ಟೆ. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಕೆಂಪು ಮಿಣುಕು, ಸಣ್ಣ ಗುಂಯ್, ಮುಳ್ಳು ಸರಿಸುತ್ತಿದ್ದಂತೆ ಮಾತು. ಡಯಲ್ ಮೇಲೆ ಇರುವುದು ಅಲೆಯ ಉದ್ದದ ಮೀಟರ್ ಲೆಕ್ಕ. ಬೆಂಗಳೂರಿನ 612 ಅಲ್ಲಿ 490 ಮೀಟರ್ ಆಗುತ್ತದೆ. ಆ ಸ್ಟೇಷನ್ ಕೇಳಿಸುವಾಗ ಮುಳ್ಳು ಮಾತ್ರ ಇನ್ನೂ 500ರ ಹತ್ತಿರ ನಿಂತಿತ್ತು. ಚಾಸಿ ಲೈವ್ ಇದ್ದೀತು ಅಂತ ಪ್ಲಾಸ್ಟಿಕ್ ಸ್ಕ್ರೂಡ್ರೈವರ್ ತಗೊಂಡು ಒಳಗಿನ ಅಲೆ ಹುಟ್ಟಿಸುವ ಕಾಯಿಲ್‌ನ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದೆ. ಸರಿಹೋಯಿತು.

ಕೆಲಸ ಮಾಡುತ್ತಾ ತಂತಿ ತಂತಿಯಾಗಿ ಹಿಂಬಾಲಿಸಿ ಬರೆದುಕೊಂಡ ಡಯಾಗ್ರಾಮನ್ನು ಶಾಯಿಯಲ್ಲಿ ತಿದ್ದಿದೆ. ಬದಲಿಸಿದ ಏಳು ಕಂಡೆನ್ಸರ್‌ಗಳಿಗೆ ಸುತ್ತು ಹಾಕಿ, ಮೇಲೆ ಕೆಂಪಕ್ಷರದಲ್ಲಿ 'ಚಾಸಿ ಲೈವ್' ಎಂದು ಬರೆದು, ಪ್ಲಾಸ್ಟಿಕ್ ಹಾಳೆಯೊಳಗಿಟ್ಟು, ಹಳೆಯ ಅಂಟಿನ ಗುರುತಿದ್ದ ಜಾಗದಲ್ಲೇ ಅಂಟಿಸಿದ್ದೇನೆ.