ನೀಡಲ್: ಹೊಸ ಬಿಲ್ಡ್ ಸರಿಯಾಗಿದೆಯಾ ಅಂತ ಯಂತ್ರ ನೋಡುವ ಬಗೆ

ನೀಡಲ್ ಅಂದರೆ ಸೂಜಿ. ಆದರೆ ಲಿನಕ್ಸ್ (ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಟೆಸ್ಟ್ ಮಾಡುವವರ ಬಾಯಲ್ಲಿ ಈ ಪದ ಬಂದರೆ ಅರ್ಥವೇ ಬೇರೆ. ಅಲ್ಲಿ ನೀಡಲ್ ಅಂದರೆ ಒಂದು ಚಿತ್ರ. ಸ್ಕ್ರೀನ್ ಮೇಲೆ ಈ ಹೊತ್ತಿಗೆ ಇದು ಕಾಣಬೇಕು, ಹೀಗೇ ಕಾಣಬೇಕು ಅಂತ ಯಂತ್ರಕ್ಕೆ ಮೊದಲೇ ಕೊಟ್ಟಿಟ್ಟ ಮಾದರಿ. ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದ ಹಾಗೆ ಅಂತ ನಾವೂ ಹೇಳುತ್ತೇವಲ್ವಾ, ಅದೇ ಮಾತು ಇಲ್ಲಿ ಕೆಲಸದ ಪದವಾಗಿದೆ. ಇಡೀ ಸ್ಕ್ರೀನ್ ಬಣವೆ, ಅದರೊಳಗೆ ಹುಡುಕಬೇಕಾದ ಸಣ್ಣ ತುಂಡು ಸೂಜಿ.

ಈ ಪದದ ಬಗ್ಗೆ ಬರೆಯಲು ನನಗೊಂದು ಕಾರಣ ಇದೆ. ದಾವಣಗೆರೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಫ್ಲೆಕ್ಸ್ ಡಿಸೈನು, ಇದೇ ಕೆಲಸ. ಇರುವ ಎರಡು ಕಂಪ್ಯೂಟರ್‌ನಲ್ಲೂ ಲಿನಕ್ಸ್. ಒಂದರಲ್ಲಿ ಎಲ್ಲರೂ ಬಳಸುವ ಸ್ಥಿರ ಆವೃತ್ತಿ, ಇನ್ನೊಂದರಲ್ಲಿ ಇನ್ನೂ ತಯಾರಾಗುತ್ತಿರುವ ಡೆವಲಪ್‌ಮೆಂಟ್ ಆವೃತ್ತಿ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ಟ್ಯೂಷನ್ ಕ್ಲಾಸಿನವರೊಬ್ಬರು ಫ್ಲೆಕ್ಸ್ ಮಾಡಿಸಲು ಬಂದರು. ಮೊದಲನೇ ಕಂಪ್ಯೂಟರ್‌ನಲ್ಲಿ ನಮ್ಮ ಹುಡುಗ ಲಗ್ನಪತ್ರಿಕೆ ಹಿಡಿದು ಕೂತಿದ್ದ, ಹಾಗಾಗಿ ನಾನು ಇನ್ನೊಂದರ ಮುಂದೆ ಕೂತೆ. ಹಿಂದಿನ ರಾತ್ರಿಯಷ್ಟೇ ಅದಕ್ಕೆ ಅಪ್‌ಡೇಟ್ ಹಾಕಿದ್ದೆ. ನಾನು ಟೈಪ್ ಮಾಡಿದ್ದು ‘ರ‍್ಯಾಂಕ್’. ಸ್ಕ್ರೀನ್ ಮೇಲೆ ಬಂದಿದ್ದು ‘ರ್ಯಾಂಕ್’.

“ಅಣ್ಣಾ, ಇದೇನ್ ಹಿಂಗ್ ಬಂದೈತಿ? ಮುಂದಿನ ರ ಎಲ್ಲಿ ಹೋತು?” ಅಂದರು ಅವರು.

ರ ಎಲ್ಲೂ ಹೋಗಿರಲಿಲ್ಲ. ಅರ್ಕಾವೊತ್ತಾಗಿ ‘ಯಾ’ ಪಕ್ಕ ಹೋಗಿ ಕೂತಿತ್ತು. ಕನ್ನಡದಲ್ಲಿ ರ, ಹಲಂತ, ಯ ಸಾಲಾಗಿ ಬಂದರೆ ಕಂಪ್ಯೂಟರ್ ಅದನ್ನು ‘ಕಾರ್ಯ’ದಲ್ಲಿರುವ ಹಾಗೆ ಅರ್ಕಾವೊತ್ತು ಮಾಡಿ ತೋರಿಸುತ್ತದೆ. ‘ರ‍್ಯಾಂಕ್’ನಲ್ಲಿ ರ ಮುಂದೆಯೇ ನಿಲ್ಲಬೇಕಾದರೆ ರ ಆದಮೇಲೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರಬೇಕು, ಅದಕ್ಕೆ ಝಡ್‌ಡಬ್ಲ್ಯೂಜೆ ಅನ್ನುತ್ತಾರೆ. ಅಪ್‌ಡೇಟ್ ಆದಮೇಲೆ ಆ ಚಿಹ್ನೆ ಇದ್ದೂ ಇಲ್ಲದ ಹಾಗಾಗಿತ್ತು. ಹಳೇ ಫಾಂಟ್ ಪ್ಯಾಕೇಜ್ ವಾಪಸ್ ಹಾಕಿದೆ, ಸರಿಹೋಯಿತು. ಅವತ್ತಿನ ಕೆಲಸ ಮುಗಿಯಿತು, ಆದರೆ ಪ್ರಶ್ನೆ ಹಾಗೇ ಉಳಿಯಿತು. ಆ ಬಿಲ್ಡ್ ನನ್ನ ಕೈಗೆ ಬರುವ ಮುಂಚೆ ಟೆಸ್ಟ್ ಆಗಿಯೇ ಬಂದಿತ್ತು. ಆದರೂ ಇದು ಯಾರ ಕಣ್ಣಿಗೂ ಯಾಕೆ ಬೀಳಲಿಲ್ಲ?

ಮೊದಲು ಬಿಲ್ಡ್ ಅಂದರೆ ಏನು ನೋಡೋಣ. ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಒಂದೇ ಕಂಪನಿಯವರು ಕೂತು ಮಾಡಿದ ಒಂದೇ ಪ್ರೋಗ್ರಾಂ ಅಲ್ಲ. ಸಿಸ್ಟಂನ ತಿರುಳಾದ ಕರ್ನಲ್ ಒಂದು ಕಡೆಯದು, ಡೆಸ್ಕ್‌ಟಾಪ್ ಇನ್ನೊಂದು ಕಡೆಯದು, ಫಾಂಟ್, ಬ್ರೌಸರ್, ಪ್ರಿಂಟರ್ ಡ್ರೈವರ್ ಎಲ್ಲ ಬೇರೆ ಬೇರೆಯವರದು. ಇಂಥ ಸಾವಿರಾರು ಪ್ಯಾಕೇಜ್‌ಗಳನ್ನು ಸೇರಿಸಿ, ಕಂಪೈಲ್ ಮಾಡಿ, ಇನ್‌ಸ್ಟಾಲ್ ಮಾಡಲು ಬರುವ ಒಂದು ಐಎಸ್‌ಒ ಫೈಲ್ ಮಾಡುತ್ತಾರಲ್ಲ, ಅದೇ ಬಿಲ್ಡ್. ಬದಲಾವಣೆ ದಿನಾ ಬರುತ್ತಲೇ ಇರುತ್ತದೆ, ಹಾಗಾಗಿ ಬಿಲ್ಡ್ ಕೂಡ ಹೆಚ್ಚುಕಡಿಮೆ ದಿನಾ ಆಗುತ್ತಿರುತ್ತದೆ. ಫೆಡೋರಾ, ಡೆಬಿಯನ್, ಓಪನ್‌ಸೂಸೆ ಅಂತ ಬೇರೆ ಬೇರೆ ತಂಡಗಳು ಮಾಡುವ ಲಿನಕ್ಸ್‌ಗಳಿವೆ. ಫೆಡೋರಾದವರು ತಮ್ಮ ಡೆವಲಪ್‌ಮೆಂಟ್ ಶಾಖೆಗೆ ರಾಹೈಡ್ ಅಂತ ಹೆಸರಿಟ್ಟಿದ್ದಾರೆ, ಅಂದರೆ ಹದ ಮಾಡದ ಹಸಿ ತೊಗಲು. ನನಗೆ ಆ ಹೆಸರು ತುಂಬ ಇಷ್ಟ, ವಸ್ತು ಏನು ಅಂತ ಹೆಸರಲ್ಲೇ ಹೇಳಿಬಿಟ್ಟಿದ್ದಾರೆ. ಡೆಬಿಯನ್‌ನಲ್ಲಿ ಇದೇ ಜಾಗದಲ್ಲಿರುವುದು ಅನ್‌ಸ್ಟೇಬಲ್, ಅಡ್ಡಹೆಸರು ಸಿಡ್. ಓಪನ್‌ಸೂಸೆಯಲ್ಲಿ ಫ್ಯಾಕ್ಟರಿ, ಅದರಿಂದ ಹೊರಬರುವುದು ಟಂಬಲ್‌ವೀಡ್.

ಇಂಥ ಬಿಲ್ಡ್‌ನಲ್ಲಿ ನಿನ್ನೆ ನಡೆಯುತ್ತಿದ್ದದ್ದು ಇವತ್ತು ಕೆಡಬಹುದು. ಇದಕ್ಕೆ ರಿಗ್ರೆಶನ್ ಅನ್ನುತ್ತಾರೆ. ಯಾರೂ ಬೇಕಂತ ಕೆಡಿಸುವುದಿಲ್ಲ. ಒಬ್ಬರು ತಮ್ಮ ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಕೋಡ್, ಸರಿಮಾಡಿರುತ್ತಾರೆ, ಅದನ್ನು ನಂಬಿಕೊಂಡಿದ್ದ ಇನ್ನೊಂದು ಪ್ರೋಗ್ರಾಂ ಬಿದ್ದುಹೋಗುತ್ತದೆ. ದಿನಾ ಒಂದು ಹೊಸ ಐಎಸ್‌ಒ ಬಂದರೆ ಅದನ್ನು ಬಯಾಸ್‌ನಿಂದ ಶುರುವಾಗುವ ಹಳೇ ಮೆಷಿನ್‌ನಲ್ಲೊಮ್ಮೆ, ಯುಇಎಫ್‌ಐನಿಂದ ಶುರುವಾಗುವ ಹೊಸದರಲ್ಲೊಮ್ಮೆ, ಡಿಸ್ಕ್ ಎನ್‌ಕ್ರಿಪ್ಟ್ ಮಾಡಿ ಒಮ್ಮೆ, ಮಾಡದೆ ಒಮ್ಮೆ, ಗ್ನೋಮ್ ಡೆಸ್ಕ್‌ಟಾಪ್ ಹಾಕಿ, ಕೆಡಿಇ ಡೆಸ್ಕ್‌ಟಾಪ್ ಹಾಕಿ, ಹಳೇ ಆವೃತ್ತಿಯಿಂದ ಅಪ್‌ಗ್ರೇಡ್ ಮಾಡಿ, ಇಷ್ಟೂ ಬಗೆಯಲ್ಲಿ ಮನುಷ್ಯರು ಕೂತು ನೋಡಲು ಆಗುತ್ತದಾ? ಒಂದು ದಿನ ನೋಡಬಹುದು. ಮೂರನೇ ದಿನ ಕಣ್ಣು ತಾನಾಗಿಯೇ ಜಾರಿಸಿಕೊಂಡು ಹೋಗುತ್ತದೆ. ಅದಕ್ಕೇ ಯಂತ್ರ ಬೇಕು.

ಆ ಯಂತ್ರದ ಕೆಲಸಕ್ಕೆ ಓಪನ್‌ಸೂಸೆಯವರು ಮಾಡಿದ ಸಾಧನ ಓಪನ್‌ಕ್ಯೂಎ. 2011ರಲ್ಲಿ ಸಾರ್ವಜನಿಕವಾಗಿ ಹೊರಬಂತು. ಫೆಡೋರಾದವರೂ ಈಗ ಇದನ್ನೇ ಬಳಸುತ್ತಾರೆ. 2014ರ ನವೆಂಬರ್‌ನಲ್ಲಿ ಓಪನ್‌ಸೂಸೆಯ ಫ್ಯಾಕ್ಟರಿ ಮತ್ತು ಟಂಬಲ್‌ವೀಡ್ ಸೇರಿ ಈಗಿನ ರೂಪಕ್ಕೆ ಬಂದವು. ಫ್ಯಾಕ್ಟರಿಯಲ್ಲಿ ತಯಾರಾದದ್ದು ಓಪನ್‌ಕ್ಯೂಎ ಟೆಸ್ಟ್ ದಾಟಿ ಬಂದರೆ ಮಾತ್ರ ಟಂಬಲ್‌ವೀಡ್ ಅಂತ ಜನರ ಕೈಗೆ ಹೋಗುತ್ತದೆ.

ಓಪನ್‌ಕ್ಯೂಎ ಕೆಲಸ ಮಾಡುವುದನ್ನು ನೋಡಿದರೆ ಯಾರೋ ಕಾಣದ ಮನುಷ್ಯ ಕಂಪ್ಯೂಟರ್ ಮುಂದೆ ಕೂತಿದ್ದಾನೆ ಅನ್ನಿಸುತ್ತದೆ. ಕ್ಯೂಎಮು ಅನ್ನುವ ಸಾಫ್ಟ್‌ವೇರ್ ಒಂದು ನಕಲಿ ಕಂಪ್ಯೂಟರ್ ಎಬ್ಬಿಸುತ್ತದೆ, ಅದಕ್ಕೆ ಹೊಸ ಐಎಸ್‌ಒ ಹಾಕಿ ಆನ್ ಮಾಡುತ್ತಾರೆ. ಬೂಟ್ ಮೆನು ಬರುವ ತನಕ ಯಂತ್ರ ಕಾಯುತ್ತದೆ. ಬಂತು ಅಂತ ಖಚಿತವಾದ ಮೇಲೆ ಎಂಟರ್ ಒತ್ತುತ್ತದೆ. ಭಾಷೆ ಆರಿಸುವ ಸ್ಕ್ರೀನ್ ಬರುತ್ತದೆ, ಆರಿಸುತ್ತದೆ. ಡಿಸ್ಕ್ ಕೇಳುತ್ತದೆ, ಕೊಡುತ್ತದೆ. ಪಾಸ್‌ವರ್ಡ್ ಟೈಪ್ ಮಾಡುತ್ತದೆ. ಇನ್‌ಸ್ಟಾಲ್ ಆದಮೇಲೆ ಲಾಗಿನ್ ಆಗಿ ಬ್ರೌಸರ್ ತೆರೆಯುತ್ತದೆ, ಟರ್ಮಿನಲ್ ತೆರೆದು ಕಮ್ಯಾಂಡ್ ಕೊಟ್ಟು ಉತ್ತರ ನೋಡುತ್ತದೆ. ಇಷ್ಟೂ ಓಟದ ವಿಡಿಯೋ ಕೂಡ ಉಳಿದಿರುತ್ತದೆ, ಎಲ್ಲಿ ಬಿತ್ತು ಅಂತ ಆಮೇಲೆ ನಾವು ಕೂತು ನೋಡಬಹುದು.

‘ಬಂತು ಅಂತ ಖಚಿತವಾದ ಮೇಲೆ’ ಅಂದೆನಲ್ಲ, ಅಲ್ಲೇ ನೀಡಲ್‌ನ ಕೆಲಸ. ಒಂದು ನೀಡಲ್‌ನಲ್ಲಿ ಎರಡು ಫೈಲ್ ಇರುತ್ತವೆ. ಒಂದು ಪಿಎನ್‌ಜಿ ಚಿತ್ರ, ಸ್ಕ್ರೀನ್‌ಶಾಟ್. ಇನ್ನೊಂದು ಅದೇ ಹೆಸರಿನ ಜೇಸನ್ ಫೈಲ್. ಆ ಚಿತ್ರದಲ್ಲಿ ಯಾವ ಜಾಗ ನೋಡಬೇಕು, ಎಡದಿಂದ ಎಷ್ಟು, ಮೇಲಿಂದ ಎಷ್ಟು, ಅಗಲ ಎಷ್ಟು, ಎತ್ತರ ಎಷ್ಟು ಅಂತ ಅದರಲ್ಲಿ ಬರೆದಿರುತ್ತದೆ. ಯಂತ್ರ ಆ ಚೌಕದೊಳಗಿನ ಚಿತ್ರವನ್ನು ಈಗಿನ ಸ್ಕ್ರೀನ್‌ನಲ್ಲಿ ಹುಡುಕುತ್ತದೆ. ಸುಮ್ನೆ ಬಿಟ್ಟರೆ ಹೋಲಿಕೆ ಶೇಕಡಾ 96 ಇರಬೇಕು ಅಂತ ಲೆಕ್ಕ, ಬೇಕಾದರೆ ಹೆಚ್ಚಿಸಬಹುದು ಇಳಿಸಬಹುದು. ಹೇಳಿದಷ್ಟು ಸೆಕೆಂಡಿನೊಳಗೆ ಸಿಕ್ಕರೆ ಹಸಿರು, ಮುಂದಿನ ಹೆಜ್ಜೆ. ಸಿಗದಿದ್ದರೆ ಕೆಂಪು, ಟೆಸ್ಟ್ ಫೇಲ್.

ಚೌಕ ಎಳೆಯುವುದರಲ್ಲೇ ಇರುವುದು ಕೈಚಳಕ. ಇಡೀ ಸ್ಕ್ರೀನ್‌ಗೆ ಒಂದೇ ಚೌಕ ಎಳೆದರೆ ಮೂಲೆಯ ಗಡಿಯಾರದಂಥ ಬದಲಾಗುತ್ತಲೇ ಇರುವ ಜಾಗವೂ ಹೋಲಿಕೆಯ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ಬೇಕಾದ ಬಟನ್ ಸುತ್ತ ಮಾತ್ರ ಚೌಕ ಎಳೆಯುತ್ತಾರೆ. ದೊಡ್ಡ ಚೌಕವೇ ಬೇಕಾದರೆ ಒಳಗಿರುವ ಗಡಿಯಾರದಂಥ ಜಾಗವನ್ನು ‘ಇದನ್ನು ಬಿಡು’ ಅಂತ ಗುರುತು ಮಾಡುತ್ತಾರೆ. ಹೊಸ ವಾಲ್‌ಪೇಪರ್ ಬಂದ ದಿನ, ಐಕಾನ್ ಬದಲಾದ ದಿನ ಏನೂ ಕೆಡದಿದ್ದರೂ ಸಾಲಾಗಿ ಕೆಂಪು ಬೀಳಬಹುದು. ಆಗ ಮನುಷ್ಯರು ಬಂದು ನೋಡಲೇಬೇಕು. ಇದು ನಿಜವಾದ ತಪ್ಪಾ, ಇಲ್ಲ ರೂಪ ಬದಲಾಯಿತಾ? ರೂಪವೇ ಬದಲಾಗಿದ್ದರೆ ಆ ಫೇಲ್ ಆದ ಸ್ಕ್ರೀನ್‌ಶಾಟ್‌ನ ಮೇಲೇ ಚೌಕ ಎಳೆದು ಹೊಸ ನೀಡಲ್ ಮಾಡುತ್ತಾರೆ. ಯಂತ್ರ ಹೋಲಿಸುತ್ತದೆ ಅಷ್ಟೇ, ಸರಿ ಯಾವುದು ಅಂತ ಹೇಳುವುದು ಮನುಷ್ಯರೇ.

ಎಲ್ಲ ಟೆಸ್ಟ್‌ಗೂ ಕಣ್ಣು ಬೇಕಿಲ್ಲ ಅಂತಲೂ ಹೇಳಬೇಕು. ಡೆಬಿಯನ್‌ನಲ್ಲಿ ಪ್ಯಾಕೇಜ್‌ನ ಜೊತೆಗೇ ಅದರ ಟೆಸ್ಟ್ ಇಡಬಹುದು. ಹೊಸ ಆವೃತ್ತಿಯಿಂದ ಮೊದಲು ಪಾಸಾಗುತ್ತಿದ್ದ ಟೆಸ್ಟ್ ಫೇಲ್ ಆದರೆ ಅದು ಅನ್‌ಸ್ಟೇಬಲ್ ದಾಟಿ ಮುಂದಿನ ಶಾಖೆಗೆ ಹೋಗದೆ ನಿಲ್ಲುತ್ತದೆ. ಕರ್ನಲ್‌ಗೆ ಇಂಟೆಲ್‌ನವರ ರೋಬೋಟ್ ಇದೆ, ಬದಲಾವಣೆಗಳನ್ನು ಬಿಲ್ಡ್ ಮಾಡಿ ನೋಡಿ, ಕೆಟ್ಟರೆ ಬರೆದವರಿಗೆ ಮೇಲ್ ಕಳಿಸುತ್ತದೆ. ಎಲ್ಲಿ ಕೆಟ್ಟಿತು ಅಂತ ಹಿಂದಕ್ಕೆ ಹುಡುಕಲು ಬೈಸೆಕ್ಟ್ ಅಂತ ಒಂದು ದಾರಿ. ನಿನ್ನೆಯಿಂದ ಇವತ್ತಿಗೆ ಸಾವಿರ ಬದಲಾವಣೆ ಬಂದಿದ್ದರೆ ನಡುವಿನದನ್ನು ತೆಗೆದು ನೋಡು, ಚೆನ್ನಾಗಿದ್ದರೆ ತಪ್ಪು ಆಚೆ ಅರ್ಧದಲ್ಲಿದೆ, ಕೆಟ್ಟಿದ್ದರೆ ಈಚೆ ಅರ್ಧದಲ್ಲಿದೆ. ಹೀಗೆ ಅರ್ಧ ಅರ್ಧ ಮಾಡುತ್ತಾ ಹೋದರೆ ಹತ್ತೇ ಸಲಕ್ಕೆ ಕೈಗೆ ಸಿಗುತ್ತದೆ.

ನನ್ನ ಪ್ರಶ್ನೆಗೆ ಬರುತ್ತೇನೆ. ನಮ್ಮ ಎಪಿಎಂಸಿಗೆ ಮೆಕ್ಕೆಜೋಳ ಬಂದಾಗ ಚೀಲಕ್ಕೆ ಚುಚ್ಚಿ ಒಂದು ಹಿಡಿ ಕಾಳು ತೆಗೆದು ನೋಡುತ್ತಾರೆ. ಚುಚ್ಚಿದ ಜಾಗದ ಕಾಳು ಹೇಗಿದೆ ಅಂತ ಗೊತ್ತಾಗುತ್ತದೆ. ಚುಚ್ಚದ ಮೂಲೆಯಲ್ಲಿ ಬೂಸ್ಟು ಹಿಡಿದಿದ್ದರೆ ಗೊತ್ತಾಗುವುದಿಲ್ಲ. ಟೆಸ್ಟ್ ಕೂಡ ಹಾಗೇ. ‘ಎಲ್ಲ ಟೆಸ್ಟ್ ಪಾಸ್’ ಅಂದರೆ ಬರೆದಿಟ್ಟ ಟೆಸ್ಟ್‌ಗಳೆಲ್ಲ ಪಾಸ್ ಅಂತ ಅರ್ಥ, ಅದಕ್ಕಿಂತ ಒಂದು ಕೂದಲೆಳೆ ಜಾಸ್ತಿ ಇಲ್ಲ.

ಇದಕ್ಕೆ ದೊಡ್ಡ ಸಾಕ್ಷಿ 2024ರ ಮಾರ್ಚ್‌ನ ಎಕ್ಸ್‌ಝಡ್ ಪ್ರಕರಣ. ಎಕ್ಸ್‌ಝಡ್ ಅಂದರೆ ಫೈಲ್ ಕುಗ್ಗಿಸುವ ಸಣ್ಣ ಸಾಧನ, ಎಲ್ಲ ಲಿನಕ್ಸ್‌ನಲ್ಲೂ ಇರುತ್ತದೆ. ಅದರ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿದ್ದರು. ಡೆಬಿಯನ್ ಅನ್‌ಸ್ಟೇಬಲ್, ರಾಹೈಡ್, ಟಂಬಲ್‌ವೀಡ್ ಮೂರಕ್ಕೂ ಅದು ಬಂದಿತ್ತು. ಯಂತ್ರದ ಟೆಸ್ಟ್ ಹಿಡಿಯಲಿಲ್ಲ. ಹಿಡಿದದ್ದು ಆಂಡ್ರೆಸ್ ಫ್ರಾಯ್ಂಡ್ ಅನ್ನುವ ಎಂಜಿನಿಯರ್. ದೂರದ ಕಂಪ್ಯೂಟರ್‌ಗೆ ಸೇರಲು ಬಳಸುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಅಂತ ಅನುಮಾನ ಬಂದು ಕೆದಕಿದರು. ಇನ್ನೂ ಹೊಟ್ಟೆ ಉರಿಯುವ ವಿಷಯ ಏನಂದರೆ ಆ ಕೆಟ್ಟ ಕೋಡನ್ನು ಬಚ್ಚಿಟ್ಟದ್ದು ಟೆಸ್ಟ್‌ಗೆಂದು ಇಟ್ಟಿದ್ದ ಫೈಲ್‌ಗಳ ಒಳಗೇ. ಟೆಸ್ಟ್ ಫೈಲ್ ಅಂದರೆ ಯಾರೂ ಬಿಚ್ಚಿ ನೋಡುವುದಿಲ್ಲ ಅನ್ನುವ ಧೈರ್ಯ. ಡೆವಲಪ್‌ಮೆಂಟ್ ಬಿಲ್ಡ್ ಬಳಸುವ ಮನುಷ್ಯರು ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ನಾನು ಈ ಅರ್ಧ ಸೆಕೆಂಡಿನ ಕಥೆ ಹೇಳುತ್ತೇನೆ.

ಕನ್ನಡದ ವಿಷಯಕ್ಕೆ ಬಂದರೆ, ಅಕ್ಷರ ಜೋಡಿಸುವ ಲೈಬ್ರರಿ ಹಾರ್ಫ್‌ಬಝ್‌ಗೆ ಅದರದೇ ಟೆಸ್ಟ್‌ಗಳಿವೆ, ಕನ್ನಡದವೂ ಇವೆ. ಆದರೆ ಅದು ಲೈಬ್ರರಿಯೊಂದನ್ನೇ ನೋಡುತ್ತದೆ. ಲೈಬ್ರರಿ ಸರಿ, ಫಾಂಟ್ ಸರಿ, ಡಿಸೈನ್ ಸಾಫ್ಟ್‌ವೇರ್ ಸರಿ, ಮೂರೂ ಒಂದೇ ಕಂಪ್ಯೂಟರ್‌ನಲ್ಲಿ ಸೇರಿದಾಗ ಏನಾಗುತ್ತದೆ ಅಂತ ನೋಡಲು ಓಪನ್‌ಕ್ಯೂಎಯಂಥ ಇಡೀ ಸಿಸ್ಟಂ ಟೆಸ್ಟ್ ಬೇಕು. ಫೆಡೋರಾದ ಓಪನ್‌ಕ್ಯೂಎಯಲ್ಲಿ ಫ್ರೆಂಚ್, ರಷ್ಯನ್, ಜಪಾನೀಸ್, ಅರೇಬಿಕ್ ಭಾಷೆಯಲ್ಲಿ ಇನ್‌ಸ್ಟಾಲ್ ಮಾಡಿ ನೋಡುವ ಟೆಸ್ಟ್‌ಗಳಿವೆ. ಒಂದೊಂದು ಒಂದೊಂದು ಬಗೆಯ ಲಿಪಿಗೆ ಮಾದರಿ. ಒಳ್ಳೆ ಆಯ್ಕೆಯೇ. ಆದರೆ ಆ ನಾಲ್ಕರಲ್ಲಿ ಯಾವುದರಲ್ಲೂ ನಮ್ಮ ಹಾಗೆ ಅಕ್ಷರದ ಕೆಳಗೆ ಒತ್ತು ಇಳಿಯುವುದಿಲ್ಲ. ಒತ್ತು ಇಳಿದಿದೆಯಾ ಅಂತ ನೋಡುವ ಸೂಜಿಯನ್ನು ಕನ್ನಡ ಓದುವವರೇ ಚುಚ್ಚಬೇಕು.

ಹಾಗಂತ ಓಪನ್‌ಕ್ಯೂಎಯನ್ನು ಅಂಗಡಿಯ ಹಳೇ ಕಂಪ್ಯೂಟರ್‌ಗೆ ಹಾಕಿಕೊಂಡೆ. ಅದೂ ಓಪನ್ ಸೋರ್ಸ್, ದುಡ್ಡು ಕೇಳುವುದಿಲ್ಲ. ರಾತ್ರಿ ಶಟರ್ ಎಳೆದ ಮೇಲೆ ಅದು ಹೊಸ ಬಿಲ್ಡ್ ಎಬ್ಬಿಸಿ, ಎಡಿಟರ್ ತೆರೆದು, ನಾನು ಕೊಟ್ಟ ಪದಗಳನ್ನು ದೊಡ್ಡ ಅಕ್ಷರದಲ್ಲಿ ತೋರಿಸಿ, ನೀಡಲ್ ಜೊತೆ ಹೋಲಿಸುತ್ತದೆ. ಮೊದಲ ಸಲ ಒಂದು ತಪ್ಪು ಮಾಡಿದೆ. ಇಡೀ ಪದದ ಸುತ್ತ ಅಗಲವಾಗಿ ಚೌಕ ಎಳೆದೆ. ಬೇಕಂತಲೇ ಒತ್ತು ತಪ್ಪಿಸಿ ನೋಡಿದರೆ ಆಗಲೂ ಹಸಿರು! ಯಾಕೆಂದರೆ ಅಷ್ಟು ದೊಡ್ಡ ಬಿಳಿ ಜಾಗದಲ್ಲಿ ಒಂದು ಸಣ್ಣ ಒತ್ತಿನ ವ್ಯತ್ಯಾಸ 96ರ ಲೆಕ್ಕದಲ್ಲಿ ಮುಳುಗಿಹೋಗುತ್ತದೆ. ಈಗ ಒತ್ತಿನ ಸುತ್ತ ಮಾತ್ರ ಬಿಗಿಯಾಗಿ ಚೌಕ, ಹೋಲಿಕೆ 99. ಕನ್ನಡದ ನೀಡಲ್ ಮಾಡುವವರು ಇದನ್ನು ಮೊದಲೇ ತಿಳಿದುಕೊಂಡರೆ ಒಂದು ವಾರ ಉಳಿಯುತ್ತದೆ.

ನಿಮ್ಮ ಸ್ಕ್ರೀನ್‌ನಲ್ಲೂ ಯಾವುದಾದರೂ ಪದ ಒಡೆದು ಬಂದರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಜೊತೆಗೆ ಪದ, ಫಾಂಟ್ ಹೆಸರು, ಪ್ಯಾಕೇಜ್‌ನ ಆವೃತ್ತಿ, ಯಾವ ಸಾಫ್ಟ್‌ವೇರ್‌ನಲ್ಲಿ ಹಾಗಾಯಿತು ಅನ್ನುವುದನ್ನೂ ಬರೆದಿಟ್ಟುಕೊಂಡು ಬಗ್ ರಿಪೋರ್ಟ್ ಹಾಕಿ. ‘ಕನ್ನಡ ಸರಿಯಾಗಿ ಬರುತ್ತಿಲ್ಲ’ ಅಂತಷ್ಟೇ ಬರೆದರೆ ಕನ್ನಡ ಓದಲು ಬಾರದ ಡೆವಲಪರ್‌ಗೆ ಏನೂ ತಿಳಿಯುವುದಿಲ್ಲ. ಹೇಗೆ ಬರಬೇಕಿತ್ತು ಅನ್ನುವ ಚಿತ್ರ, ಹೇಗೆ ಬಂತು ಅನ್ನುವ ಚಿತ್ರ, ಎರಡನ್ನೂ ಅಕ್ಕಪಕ್ಕ ಇಟ್ಟು ಕಳಿಸಿ.

ನನ್ನ ಪಟ್ಟಿಯಲ್ಲಿ ಈಗ ‘ರ‍್ಯಾಂಕ್’, ‘ಕಾರ್ಯಕ್ರಮ’, ‘ರಾಷ್ಟ್ರ’, ‘ಜ್ಞಾನ’, ‘ಲಕ್ಷ್ಮಿ’ ಎಲ್ಲ ಸೇರಿ ಒಂಬತ್ತು ಪದ ಇವೆ. ಹತ್ತನೆಯದಕ್ಕೆ ‘ಸ್ವಾತಂತ್ರ್ಯ’ ಇಡುತ್ತಿದ್ದೇನೆ. ತ ಕೆಳಗೆ ಎರಡೆರಡು ಒತ್ತು ಸರಿಯಾಗಿ ಕೂತಿವೆಯಾ ಅಂತ ನೋಡಲು ಅದಕ್ಕಿಂತ ಒಳ್ಳೆ ಪದ ನನಗೆ ಸಿಗಲಿಲ್ಲ.